ತಪ್ಪಾಗಿ ಅಚ್ಚಾದ ಕೊನೆಯ ಕಂತು

ನನ್ನ ತಂಗಿಯ ಮೊಮ್ಮಗಳು ಮೊಬೈಲಿನಲ್ಲಿ ಧಾರಾವಾಹಿ ಬರೆಯುತ್ತಾಳೆ. ಒಬ್ಬ ತಾಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಒಂದು ಕಥೆಯ ಲೋಕದಿಂದ ಇನ್ನೊಂದು ಕಥೆಯ ಲೋಕಕ್ಕೆ ಹೋಗುತ್ತಾಳೆ, ಹೋದಲ್ಲೆಲ್ಲ ಮಗುವನ್ನು ಸಾಕುತ್ತಾಳೆ. ದಿನಕ್ಕೊಂದು ಕಂತು ಹಾಕಬೇಕಂತೆ, ತಪ್ಪಿದರೆ ಓದುವವರು ಬೈಯುತ್ತಾರಂತೆ.

"ನಿಮ್ಮ ಕಾಲದಲ್ಲಿ ಇಂಥ ಕಥೆ ಎಲ್ಲ ಇರ್ಲಿಲ್ಲ ಅಲ್ವಾ ಅಜ್ಜಿ?" ಎಂದು ಮೊನ್ನೆ ಕೇಳಿದಳು.

ಇತ್ತು ಎಂದೆ. ಅದರ ಕರಡು ತಿದ್ದಿದವಳು ನಾನೇ. ಅದರ ಕೊನೆಯ ಕಂತನ್ನು ಹಾಳು ಮಾಡಿದವಳೂ ನಾನೇ. ಅವಳು ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. ಅವಳು ತಾನಾಗಿ ಫೋನು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರೆದುಕೊಡಿ ಎಂದಳು. ಅವಳಿಗಾಗಿ, ಅವಳ ಹಾಗೆ ಈ ಕೆಲಸಕ್ಕೆ ಇಳಿಯುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ಸಾಗರದ ಪೇಟೆಯ ಒಂದು ಸಣ್ಣ ಮುದ್ರಣಾಲಯಕ್ಕೆ ನಾನು ಕರಡು ತಿದ್ದುವವಳಾಗಿ ಸೇರಿದೆ. ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುವುದರ ಜೊತೆಗೆ ಅಲ್ಲಿಂದ ಎಂಟು ಪುಟದ ಒಂದು ವಾರಪತ್ರಿಕೆಯೂ ಹೊರಡುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕು ನಮ್ಮ ಪ್ರಪಂಚ. ಅನಂತಯ್ಯನವರು ಅದರ ಮಾಲೀಕರು, ಸಂಪಾದಕರು, ಕಾಗದ ಮುಗಿದರೆ ಶಿವಮೊಗ್ಗದಿಂದ ಬಸ್ಸಿನ ಮೇಲೆ ಹಾಕಿ ತರುವವರೂ ಅವರೇ. ಸಿಟ್ಟಿನ ಮನುಷ್ಯ. ಸಿಟ್ಟು ಬಂದಾಗ ಕನ್ನಡಕ ತೆಗೆದು ಒರೆಸುತ್ತಿದ್ದರು. ಹೀಗಾಗಿ ಅವರು ಕನ್ನಡಕಕ್ಕೆ ಕೈ ಹಾಕಿದರೆ ಸಾಕು, ಎಲ್ಲರೂ ತಲೆ ತಗ್ಗಿಸಿ ಕೆಲಸ ಹಿಡಿಯುತ್ತಿದ್ದೆವು.

ಅಕ್ಷರ ಜೋಡಿಸುವವರು ಖಾದರ್ ಸಾಹೇಬರು. ಸೀಸದ ಒಂದೊಂದೇ ಮೊಳೆಯನ್ನು ಮರದ ಗೂಡುಗಳಿಂದ ಹೆಕ್ಕಿ ಸಾಲು ಮಾಡುವ ಕೆಲಸ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಅವರು ಅದನ್ನು ನಾವು ಪುಸ್ತಕ ಓದುವಷ್ಟು ಸಲೀಸಾಗಿ ಓದುತ್ತಿದ್ದರು. ನಮ್ಮಲ್ಲಿ ಒತ್ತಕ್ಷರದ ಮೊಳೆಗಳು ಯಾವಾಗಲೂ ಸಾಲುತ್ತಿರಲಿಲ್ಲ. "ಲಲಿತಮ್ಮಾ, ಕ್ಷ ಮುಗೀತು" ಎಂದು ಸಾಹೇಬರು ಕೂಗಿದರೆ ನಾನು 'ಕ್ಷಣ' ಹೊಡೆದು 'ಗಳಿಗೆ' ಮಾಡುತ್ತಿದ್ದೆ, 'ರಕ್ಷಿಸಿದ' ಎಂಬಲ್ಲಿ 'ಕಾಪಾಡಿದ' ಬರೆಯುತ್ತಿದ್ದೆ. ಬರೆದವರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಬೇರೆಯವರ ವಾಕ್ಯಕ್ಕೆ ಕೈ ಹಾಕುವುದು ನನಗೆ ಹೀಗೆ ರೂಢಿಯಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದೆಲ್ಲ ಈ ರೂಢಿಯಿಂದಲೇ ಆದದ್ದು.

ಸೇರಿದ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಪೇಟೆಗೆ ನೀರು ಬಿಡುವ ಬಗ್ಗೆ ಪ್ರಕಟಣೆಯೊಂದು ಬಂದಿತ್ತು. 'ನೀರು ಬಿಡಲಾಗುವುದು' ಎಂಬುದು 'ನೀರು ಬಿಡಲಾಗದು' ಎಂದು ಅಚ್ಚಾಗಿ ಹೋಯಿತು. ನನ್ನ ಕಣ್ಣಿಗೆ ಬೀಳಲಿಲ್ಲ. ಬೆಳಿಗ್ಗೆ ನಮ್ಮ ಬಾಗಿಲಿಗೆ ಕೊಡ ಹಿಡಿದುಕೊಂಡು ಏಳೆಂಟು ಹೆಂಗಸರು ಬಂದು ನಿಂತರು. ಅನಂತಯ್ಯನವರು ಕನ್ನಡಕ ಒರೆಸಿಯೇ ಒರೆಸಿದರು. ಅಚ್ಚಾದದ್ದನ್ನು ಜನ ಎಷ್ಟು ನಂಬುತ್ತಾರೆ ಎಂದು ಅವತ್ತು ನೋಡಿದೆ. ನೋಡಿ ನಕ್ಕೆ, ಮರೆತೆ.

ಕೆಲವು ವರ್ಷಗಳಾದ ಮೇಲೆ ಒಂದು ಕಂದು ಲಕೋಟೆ ಬಂತು. ಹೊಸನಗರ ತಾಲೂಕಿನ ಒಂದು ಹಳ್ಳಿಯ ಅಂಚೆ ಮೊಹರಿತ್ತು. ಒಳಗೆ ಗೆರೆ ಹಾಕಿದ ನೋಟ್ ಬುಕ್ಕಿನ ಹಾಳೆಗಳು, ಒಂದೇ ಒಂದು ಚಿತ್ತಿಲ್ಲದ ದುಂಡು ಅಕ್ಷರ. ಕೊನೆಯಲ್ಲಿ 'ಭವಾನಿ' ಎಂದಷ್ಟೇ. ಧಾರಾವಾಹಿಯ ಹೆಸರು 'ಸಂಕ ದಾಟಿದ ಮೇಲೆ'. ನಮ್ಮ ಕಡೆ ಹಳ್ಳಕ್ಕೆ ಅಡ್ಡವಾಗಿ ಮರದ ದಿಮ್ಮಿ ಹಾಕಿ ಮಾಡುವ ಕಾಲುದಾರಿಗೆ ಸಂಕ ಅನ್ನುತ್ತೇವೆ. ಕಥೆಯಲ್ಲಿ ಒಬ್ಬ ಅಮ್ಮ, ಗಿರಿಜೆ ಎಂಬ ಮೂರು ವರ್ಷದ ಅವಳ ಮಗಳು. ಇಬ್ಬರೂ ಒಂದು ಸಂಕ ದಾಟುತ್ತಾರೆ. ಆಚೆ ದಡದಲ್ಲಿರುವುದು ಬೇರೆ ಊರಲ್ಲ, ಯಾರೋ ಯಾವಾಗಲೋ ಹೇಳಿದ ಒಂದು ಕಥೆ. ಆ ಕಥೆ ಮುಗಿಯುವುದರೊಳಗೆ ಅವರು ಮುಂದಿನ ಸಂಕ ದಾಟಿ ಇನ್ನೊಂದು ಕಥೆಗೆ ಹೋಗಬೇಕು. ಯಾಕೆಂದರೆ ಮುಗಿದ ಕಥೆಯೊಳಗೆ ಉಳಿದವರು ಅಲ್ಲಿಂದ ಮುಂದೆ ಬೆಳೆಯುವುದಿಲ್ಲ. ಮಗಳು ಬೆಳೆಯಬೇಕು, ಅದಕ್ಕೇ ಅಮ್ಮ ನಡೆಯುತ್ತಲೇ ಇರಬೇಕು.

ಒಂದು ಲೋಕದಲ್ಲಿ ಆಡಿದ ಮಾತಿಗೆ ತೂಕವಿತ್ತು. ಅಮ್ಮ ಬೇಸರದಲ್ಲಿ ಬೈದರೆ ಆ ಬೈಗುಳ ಕಲ್ಲಾಗಿ ಗಿರಿಜೆಯ ಬೆನ್ನಿನ ಚೀಲಕ್ಕೆ ಬೀಳುತ್ತಿತ್ತು, ಮಗು ಅದನ್ನು ಹೊತ್ತು ನಡೆಯಬೇಕಿತ್ತು. ಇನ್ನೊಂದರಲ್ಲಿ ಮಕ್ಕಳಿಗಿಂತ ಮೊದಲು ಅವರ ನೆರಳು ಬೆಳೆಯುತ್ತಿತ್ತು. ಮತ್ತೊಂದರಲ್ಲಿ ದಿನಾ ಬೆಳಿಗ್ಗೆ ಊರಿನ ಮಕ್ಕಳೆಲ್ಲ ಸಾಲಾಗಿ ನಿಂತು ಆ ದಿನಕ್ಕೆ ತಮ್ಮ ಅಮ್ಮನನ್ನು ಆರಿಸಿಕೊಳ್ಳುತ್ತಿದ್ದರು. ಗಿರಿಜೆ ಒಂದು ದಿನ ಬೇರೆಯವಳನ್ನು ಆರಿಸಿಕೊಂಡುಬಿಟ್ಟಳು. ಆ ಕಂತಿನ ಕರಡು ತಿದ್ದುವಾಗ, ಮದುವೆಯೂ ಆಗದ ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಪತ್ರಿಕೆ ಮೊದಲಿಗಿಂತ ಹೆಚ್ಚು ಹೋಗತೊಡಗಿತು. ಓದುವ ತಾಯಂದಿರ ಕಾಗದಗಳು ಬಂದವು. ಮಗ ಸುಳ್ಳು ಹೇಳುತ್ತಾನೆ, ಏನು ಮಾಡಲಿ? ಮಗಳು ಶಾಲೆಗೆ ಹೋಗುವಾಗ ಕಂಬ ತಬ್ಬಿಕೊಂಡು ಅಳುತ್ತಾಳೆ, ಗಿರಿಜೆಯ ಅಮ್ಮ ಆಗಿದ್ದರೆ ಏನು ಮಾಡುತ್ತಿದ್ದರು? ಎಲ್ಲರೂ ಕಥೆಯ ಅಮ್ಮನಿಗೇ ಬರೆಯುತ್ತಿದ್ದರು. ನಾನು ಕಾಗದಗಳನ್ನು ಭವಾನಿಯವರ ವಿಳಾಸಕ್ಕೆ ಕಳಿಸುತ್ತಿದ್ದೆ. ಅವರು ಪ್ರತಿಯೊಂದಕ್ಕೂ ಕಾರ್ಡಿನಲ್ಲಿ ಉತ್ತರ ಬರೆಯುತ್ತಿದ್ದರೆಂದು ಆಮೇಲೆ ತಿಳಿಯಿತು.

ಖಾದರ್ ಸಾಹೇಬರು ಮಾತ್ರ ಒಂದು ದಿನ ಮೊಳೆ ಜೋಡಿಸುತ್ತ ಹೇಳಿದರು: "ಇದು ಕಥೆ ಬರೆದ ಹಾಗಿಲ್ಲಮ್ಮ. ಸುದ್ದಿ ಬರೆದ ಹಾಗಿದೆ."

"ಹಾಗಂದ್ರೆ?"

"ಕಥೆ ಬರೆಯೋರು ಅಲ್ಲಲ್ಲಿ ಹೊಡೆದು ತಿದ್ದಿರ್ತಾರೆ. ಇವ್ರು ನೋಡಿದ್ದನ್ನ ನೋಡಿದ ಹಾಗೆ ಬರೀತಾರೆ. ತಿದ್ದೋಕೆ ಏನೂ ಇಲ್ಲ."

ಗಿರಿಜೆಗೆ ಆರು ತುಂಬಿದ ಕಂತಿನಲ್ಲಿ ನನ್ನ ಕೈ ಮತ್ತೆ ತಪ್ಪಿತು. 'ಅವಳ ಎರಡು ಹಲ್ಲು ಬಿದ್ದವು' ಎಂದಿದ್ದದ್ದು 'ಅವಳ ಎಲ್ಲಾ ಹಲ್ಲು ಬಿದ್ದವು' ಎಂದು ಅಚ್ಚಾಯಿತು. ನಾಲ್ಕು ದಿನದಲ್ಲಿ ಕಾರ್ಡು ಬಂತು. 'ಮಾನ್ಯರೇ, ಎರಡು ಎಂಬುದು ಎಲ್ಲಾ ಎಂದು ಅಚ್ಚಾಗಿದೆ. ದಯವಿಟ್ಟು ಬೇಗ ಸರಿಪಡಿಸಿ. ಅವಳಿಗೆ ಊಟ ಅಗಿಯಲು ಆಗುತ್ತಿಲ್ಲ.'

ನಾನು ಜೋರಾಗಿ ಓದಿದೆ. ಎಲ್ಲರೂ ನಕ್ಕೆವು. ಹಲ್ಲಿಗೆಲ್ಲ ತಿದ್ದುಪಡಿ ಹಾಕಲು ಜಾಗವಿಲ್ಲ ಎಂದರು ಅನಂತಯ್ಯನವರು. ಮುಂದಿನ ವಾರ ಇನ್ನೊಂದು ಕಾರ್ಡು: 'ಗಂಜಿ ಕುಡಿಸಿ ದಿನ ದೂಡುತ್ತಿದ್ದೇನೆ. ಸೊರಗಿದ್ದಾಳೆ.' ಈ ಸಲ ಯಾರೂ ನಗಲಿಲ್ಲ. ನಾನು ಅನಂತಯ್ಯನವರಿಗೆ ಹೇಳದೆ ಕೊನೆಯ ಪುಟದ ಮೂಲೆಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿಬಿಟ್ಟೆ. ಮೂರನೆಯ ಕಾರ್ಡಿನಲ್ಲಿ ಎರಡೇ ಪದಗಳಿದ್ದವು. 'ಈಗ ಸರಿಹೋಯಿತು.'

ತಮಾಷೆಯ ಹೆಂಗಸು ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದೇ ಸುಲಭವಾಗಿತ್ತು.

ವರ್ಷ ದಾಟಿದ ಮೇಲೆ, ಬೇಸಿಗೆಯ ಶುರುವಿನಲ್ಲಿ ಕೊನೆಯ ಕಂತು ಬಂತು. ಗಿರಿಜೆಗೆ ಈಗ ಹದಿನೆಂಟು. ಅಮ್ಮನೂ ಅವಳೂ ಒಂದು ಕಥೆಯ ಅಂಚಿಗೆ ಬಂದು ನಿಂತಿದ್ದಾರೆ. ಎದುರಿಗೆ ಸಂಕ. ಅಮ್ಮ ಈ ದಡದಲ್ಲೇ ನಿಲ್ಲುತ್ತಾಳೆ. ಮಗಳ ಸೆರಗು ಸರಿಮಾಡುತ್ತಾಳೆ. ಇನ್ನು ಮುಂದಿನ ಕಥೆ ನಿನ್ನದು, ನನಗೆ ಗೊತ್ತಿಲ್ಲದ್ದು ಎನ್ನುತ್ತಾಳೆ. ಗಿರಿಜೆ ಒಬ್ಬಳೇ ದಾಟಿ ಹೋಗುತ್ತಾಳೆ. ಅಷ್ಟೇ.

ಅನಂತಯ್ಯನವರು ಓದಿ ಕನ್ನಡಕಕ್ಕೆ ಕೈ ಹಾಕಿದರು. "ಇದೆಂತ ಮುಕ್ತಾಯ? ವರ್ಷವಿಡೀ ಎತ್ತಿ ಆಡಿಸಿದ ಮಗಳನ್ನ ದಾರೀಲಿ ಬಿಟ್ಟು ಬರೂದಾ? ಓದೋ ಹೆಂಗಸ್ರು ಸುಮ್ನಿರ್ತಾರಾ? ಲಲಿತಾ, ಇಬ್ರೂ ಮನೆ ಸೇರಿ ಸುಖವಾಗಿದ್ರು ಅಂತ ಬದಲು ಮಾಡು."

"ಅವ್ರನ್ನ ಒಂದ್ ಮಾತು ಕೇಳೋದಾ?"

"ಕೇಳಿ ಉತ್ತರ ಬರೂದ್ರೊಳಗೆ ವಾರ ಹೋಗತ್ತೆ. ನೀನೇ ಬರಿ."

ಅವರ ತಲೆಯ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ಬರಿ ಎಂದದ್ದು ನನಗೆ ಖುಷಿಯಾಗಿತ್ತು. ಅಷ್ಟು ವರ್ಷ ಬೇರೆಯವರ ಕಾಗುಣಿತ ತಿದ್ದಿದವಳು, ಮೊದಲ ಸಲ ನನ್ನದೇ ಒಂದು ಪುಟ ಅಚ್ಚಾಗುವುದಿತ್ತು. ಅಮ್ಮನನ್ನೂ ಮಗಳನ್ನೂ ಸಂಕದ ಬಳಿಯಿಂದ ತಿರುಗಿಸಿದೆ. ಎಲ್ಲ ಕಥೆಗಳನ್ನೂ ಹಿಂದಕ್ಕೆ ದಾಟಿಸಿ, ಅವರು ಮೊದಲು ಹೊರಟ ಮನೆಗೇ ತಂದು ಮುಟ್ಟಿಸಿದೆ. ಭವಾನಿಯವರ ಶೈಲಿ ಬರಲಿ ಎಂದು ಮೊದಲ ಕಂತನ್ನು ಪಕ್ಕದಲ್ಲಿಟ್ಟುಕೊಂಡು ಅಲ್ಲಿನ ನಾಲ್ಕು ಸಾಲು ಹಾಗೇ ಎತ್ತಿ ಕೊನೆಗೆ ಹಾಕಿದೆ. 'ಗಿರಿಜೆ ಹೊಸ್ತಿಲ ಮೇಲೆ ನಿಂತು ಅಮ್ಮನ ಮೊಣಕಾಲು ತಬ್ಬಿಕೊಂಡಳು' ಎಂಬ ಸಾಲು ನನಗೆ ಬಹಳ ಹಿಡಿಸಿತ್ತು. ಅದನ್ನೇ ಕೊನೆಯ ವಾಕ್ಯ ಮಾಡಿದೆ. ಕೆಳಗೆ 'ಮುಗಿಯಿತು' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ.

ಮೆಚ್ಚುಗೆಯ ಕಾಗದಗಳು ರಾಶಿ ಬಂದವು. ಎರಡನೆಯ ವಾರ ತೀರ್ಥಹಳ್ಳಿ ತಾಲೂಕಿನ ಮೇಗರವಳ್ಳಿಯಿಂದ ಒಂದು ಬಂತು. ಬರೆದವರು ಅಲ್ಲಿನ ಒಬ್ಬ ಮೇಷ್ಟರ ಹೆಂಡತಿ, ಶುರುವಿನಿಂದಲೂ ಆರು ವರ್ಷದ ಮಗಳಿಗೆ ಧಾರಾವಾಹಿ ಓದಿ ಹೇಳುತ್ತಿದ್ದವರು. 'ಮುಕ್ತಾಯ ಚೆನ್ನಾಗಿದೆ. ಆದರೆ ನನ್ನ ಮಗಳು ಓದಿಸಿಕೊಂಡ ದಿನದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ. ಗಿರಿಜಕ್ಕ ಯಾಕೆ ಮತ್ತೆ ಸಣ್ಣ ಆದಳು? ಅವಳಿಗೆ ಅಮ್ಮನ ಮೊಣಕಾಲು ಹೇಗೆ ಎಟುಕಿತು? ಏನು ಹೇಳಲಿ?'

ಕುರ್ಚಿಯಲ್ಲಿ ಕೂತಿದ್ದವಳು ಎದ್ದು ನಿಂತೆ. ಹದಿನೆಂಟು ವರ್ಷದ ಹುಡುಗಿ ನಿಂತುಕೊಂಡು ಅಮ್ಮನ ಮೊಣಕಾಲು ತಬ್ಬುವುದು ಹೇಗೆ? ಮೂರು ವರ್ಷದ ಮಗುವಿನ ಸಾಲು ಅದು. ಕಾಗದವನ್ನು ಸಾಹೇಬರ ಕೈಗೆ ಕೊಟ್ಟೆ. ಓದಿ, ಮಡಚಿ ನನಗೇ ವಾಪಸು ಕೊಟ್ಟರು.

"ಜೋಡಿಸುವಾಗ ನಂಗೆ ಗೊತ್ತಾಯ್ತು" ಎಂದರು. "ಹೇಳ್ಬೇಕಿತ್ತು. ಮುಗೀತಲ್ಲ, ಇನ್ನೆಂತಕ್ಕೆ ಅಂತ ಸುಮ್ನಾದೆ."

ಹಲ್ಲಿಗೆ ಮೂರು ಕಾರ್ಡು ಬರೆದ ಭವಾನಿಯವರಿಂದ ಈ ಎರಡು ವಾರ ಒಂದಕ್ಷರ ಬಂದಿರಲಿಲ್ಲ. ಆಗ ಅದು ಹೊಳೆಯಿತು. ಮಾರನೆಯ ದಿನ ರಜೆ ಹಾಕಿ ಬಸ್ಸು ಹತ್ತಿದೆ.

ಹೊಸನಗರದಲ್ಲಿ ಬಸ್ಸು ಬದಲಿಸಿ ಇನ್ನೂ ಒಳಗೆ ಹೋಗಬೇಕು. ಇಳಿದಾಗ ಹನ್ನೊಂದು ಗಂಟೆಯ ಬಿಸಿಲು, ಕೆಂಪು ಧೂಳು. ರಸ್ತೆಯಿಂದ ಸ್ವಲ್ಪ ಒಳಗೆ ಹಂಚಿನ ಸಣ್ಣ ಮನೆ, ಜಗುಲಿಯ ಕಂಬಕ್ಕೆ ಕೆಂಪು ಅಂಚೆ ಡಬ್ಬ. ಭವಾನಿಯವರ ಗಂಡ ಮಂಜಪ್ಪನವರು ಆ ಹಳ್ಳಿಯ ಪೋಸ್ಟ್ ಮಾಸ್ಟರು. ಜಗುಲಿಯೇ ಆಫೀಸು. ಬೇಲಿಯ ನಡುವೆ ಗಳು ಅಡ್ಡ ಹಾಕಿ ಮಾಡಿದ ದಣಪೆಯ ಮುಂದೆ ದಾರಿ ಎರಡಾಗುತ್ತಿತ್ತು. ಒಂದು ನಾನು ಬಂದ ಬಸ್ಸಿನ ರಸ್ತೆಗೆ, ಇನ್ನೊಂದು ಇಳಿಜಾರಿನಲ್ಲಿ ಅಣೆಕಟ್ಟಿನ ಹಿನ್ನೀರಿಗೆ. ನೀರು ಬೇಸಿಗೆಗೆ ಹಿಂದೆ ಸರಿದು, ಬಿರುಕು ಬಿಟ್ಟ ಕೆಸರು, ಕಪ್ಪಾದ ಮರದ ಬುಡಗಳು ಕಾಣುತ್ತಿದ್ದವು. ಮುಳುಗಡೆಯಲ್ಲಿ ಹೋದ ಊರು.

ಮೊಹರು ಹೊಡೆಯುತ್ತಿದ್ದವರು ತಲೆಯೆತ್ತಿದರು. "ಸಾಗರದಿಂದ ಬಂದ್ರಾ? ಪತ್ರಿಕೆಯವ್ರಾ?"

ಹೌದೆಂದೆ.

"ನಿಮಗೆ ಕಾಗದ ಬರೀಬೇಕು ಅಂತ ನಾಕು ಸಲ ಕೂತೆ. ಎಂತ ಬರೆಯೂದು ಅಂತ ಗೊತ್ತಾಗ್ಲಿಲ್ಲ." ಅವರ ಗಡ್ಡ ಬೆಳೆದಿತ್ತು. ದನಿ ಇಳಿಸಿದರು. "ಒಳಗೆ ಹೋಗಿ. ಹೊಸ್ತಿಲ ಹತ್ರ ಸ್ವಲ್ಪ ನೋಡ್ಕಂಡು ಕಾಲಿಡಿ."

ಹೊಸ್ತಿಲ ಬಳಿ ಏನೂ ಇರಲಿಲ್ಲ. ಆದರೂ ನೋಡಿಕೊಂಡೇ ಕಾಲಿಟ್ಟೆ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಅಡ್ಡಗೀಟುಗಳಿದ್ದವು, ಮಕ್ಕಳ ಎತ್ತರ ಗುರುತು ಹಾಕುತ್ತಾರಲ್ಲ, ಹಾಗೆ. ಕೆಳಗಿನದು ನನ್ನ ತೊಡೆಯ ಮಟ್ಟಕ್ಕೆ, ಮೇಲಿನದು ಕಿವಿಯ ಮಟ್ಟಕ್ಕೆ.

ಒಳಗೆ ಕಂಬಕ್ಕೆ ಒರಗಿ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದರು. ಐವತ್ತರ ಹತ್ತಿರದ ವಯಸ್ಸು, ಬಡಕಲು ದೇಹ, ಕೆದರಿದ ಕೂದಲು. ಕಾಲು ಚಾಚಿದ್ದರು. ಎಡಗೈ ತೊಡೆಯ ಮೇಲೆ ಯಾವುದನ್ನೋ ಸುತ್ತಿ ಹಿಡಿದಂತೆ ಬಾಗಿತ್ತು.

"ಕೂತ್ಕಳಿ" ಎಂದರು ಪಿಸುದನಿಯಲ್ಲಿ. "ಜೋರಾಗಿ ಮಾತಾಡ್ಬೇಡಿ. ಈಗಷ್ಟೇ ಮಲಗಿದಾಳೆ."

ಕೂತೆ. ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕುವ ಸದ್ದು ಬಂತು. ಸೀದ ವಾಸನೆ ಬಂತು. ಅವರು ಏಳಲಿಲ್ಲ.

"ನೀವೇ ಇಳಿಸ್ತೀರಾ? ನಾನೆದ್ರೆ ಇವ್ಳಿಗೆ ಎಚ್ಚರ ಆಗತ್ತೆ."

ಹೋಗಿ ಇಳಿಸಿದೆ. ಬಂದು ಕೂತಾಗ ಅವರ ತೊಡೆಯ ಕಡೆ ನೋಡದಿರಲು ಪ್ರಯತ್ನ ಪಟ್ಟೆ, ಆಗಲಿಲ್ಲ. ಸೀರೆಯ ಬಟ್ಟೆ ಅಲ್ಲಿ ತಗ್ಗಾಗಿ ಒತ್ತಿಕೊಂಡಿತ್ತು. ನೋಡುತ್ತಿದ್ದಂತೆ ತಗ್ಗು ಒಂದಿಷ್ಟು ಪಕ್ಕಕ್ಕೆ ಸರಿಯಿತು, ಮಗು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ. ಅವರು ಕಾಲು ಸರಿಮಾಡಿಕೊಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಕಾಲು ಅಲುಗಿರಲಿಲ್ಲ.

"ನಾನು ನಿಮ್ಮ ಕೊನೇ ಕಂತು..." ಎಂದು ಶುರುಮಾಡಿದೆ.

"ಗೊತ್ತಾಯ್ತು. ಅದು ನಾನು ಬರೆದದ್ದಲ್ಲ ಅಂತ ಮೊದಲ ಸಾಲಿಗೇ ಗೊತ್ತಾಯ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. "ನೋಟ್ ಬುಕ್ಕಲ್ಲಿದ್ದಾಗ ನನ್ನ ಕೈಯಲ್ಲಿತ್ತು. ಅಚ್ಚಾದ ಮೇಲೆ ಅದೇ ನಿಜ ಆಗತ್ತೆ. ಹಲ್ಲಿನ ಸಲ ನೋಡಿದ್ರಲ್ಲ. ಈಗ ನೀವು ಇವಳನ್ನ ಮನೆಗೆ ಕಳ್ಸಿದ್ರಿ. ಬಂದ್ಳು. ನನ್ನ ಮೊಣಕಾಲು ಹಿಡ್ಕಂಡ್ಳು. ಮೂರು ವರ್ಷದವಳೇ ಆಗಿ ಬಂದ್ಳು. ಅಕ್ಷರ ಕಲಿಸಿದ್ದೆ, ಅಡುಗೆ ಕಲಿಸಿದ್ದೆ, ಅಪ್ಪನ ಹತ್ರ ಎದುರು ಮಾತಾಡೂದೂ ಕಲಿತಿದ್ಳು. ಎಲ್ಲ ಹೋಯ್ತು. ಕೆಳಗೆ 'ಮುಗಿಯಿತು' ಅಂತ ಬೇರೆ ಹಾಕಿದ್ರಿ. ಇನ್ನು ಬೆಳಿಯೂದಿಲ್ಲ."

ನಾನು ತಿರುಗಿ ಬಾಗಿಲ ಚೌಕಟ್ಟಿನ ಗೀಟುಗಳನ್ನು ನೋಡಿದೆ.

"ಮಗು ಮನೇಲಿರೂದು ಯಾರಿಗೆ ಬೇಡ ಹೇಳಿ?" ಎಂದರು. ಅವರ ಕೈ ಗಾಳಿಯಲ್ಲಿ ನಿಧಾನವಾಗಿ ತಟ್ಟುತ್ತಿತ್ತು. "ಮೊದಲ ದಿನ ನಂಗೂ ಖುಷಿ ಆಯ್ತು. ಮಾರನೇ ದಿನ ಅರ್ಥ ಆಯ್ತು. ನಾಳೆ ನಾನು ಸತ್ರೆ ಇವಳನ್ನ ಯಾರು ಎತ್ಕಳ್ತಾರೆ?"

ಮಂಜಪ್ಪನವರು ನನ್ನನ್ನು ಕಳಿಸಲು ದಣಪೆಯವರೆಗೆ ಬಂದರು. ಅಲ್ಲಿ ನಿಂತು, ಹಿನ್ನೀರಿನ ಕಡೆ ನೋಡುತ್ತ ಹೇಳಿದರು. ಮಗಳು ಮೂರು ವರ್ಷದವಳಿದ್ದಾಗ ಮೂರು ದಿನದ ಜ್ವರದಲ್ಲಿ ಹೋದಳು. ಗಿರಿಜೆ ಎಂದೇ ಅವಳ ಹೆಸರು. ಅಲ್ಲಿ ಕೆಳಗಿದ್ದ ಹಳೆಯ ಮನೆಯ ಹಿತ್ತಲಲ್ಲೇ ಮಣ್ಣು ಮಾಡಿದ್ದು. ಮಾರನೆಯ ವರ್ಷ ನೀರು ಬಂತು, ಜಾಗವೂ ಹೋಯಿತು. ಈ ಮನೆ ಕಟ್ಟಿದ್ದು ಆಮೇಲೆ.

ಬಾಗಿಲ ಚೌಕಟ್ಟಿನ ಗೀಟುಗಳು ನೆನಪಾದವು. ಆ ಮಗು ಈ ಬಾಗಿಲನ್ನು ನೋಡಿಯೇ ಇರಲಿಲ್ಲ.

"ವರ್ಷಕ್ಕೊಂದು ನೋಟ್ ಬುಕ್ಕು ಬರೆದ್ಳು. ಅದರಲ್ಲೇ ಮಗಳನ್ನ ಸಾಕಿದ್ಳು. ನಾನು ಬೇಡ ಅನ್ಲಿಲ್ಲ. ಬರೀತಿದ್ದಾಗ ಉಣ್ತಿದ್ಳು, ನಗ್ತಿದ್ಳು. ನಾಕು ಜನ ಓದ್ಲಿ ಅಂತ ನಿಮಗೆ ಕಳ್ಸಿದ್ದು ನಾನೇ. ಈಗ ಎರಡು ವಾರದಿಂದ ಆ ಕಂಬ ಬಿಟ್ಟು ಎದ್ದಿಲ್ಲ. ಒಂದು ತುತ್ತು ಬಾಯಿಗೆ ಹಾಕಿದ್ರೆ ಹೆಚ್ಚು."

"ಆಸ್ಪತ್ರೆಗೆ..." ಎಂದೆ.

"ಕರೆದೆ. ಮಗು ಮಲಗಿದೆ, ಈಗ ಬ್ಯಾಡ ಅಂತಾಳೆ." ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು. "ತಲೆ ಕೆಟ್ಟಿದೆ ಅಂತ ನಾನೂ ಅಂದ್ಕಳ್ತಿದ್ದೆ ಮಾರಾಯ್ರೆ. ಆದ್ರೆ ಮಧ್ಯಾಹ್ನ ಮೊಹರು ಹೊಡೀತಾ ಕೂತಾಗ ಯಾರೋ ಹಿಂದಿಂದ ಬಂದು ಅಂಗಿ ಎಳೀತಾರೆ. ನಾನು ತಿರುಗಿ ನೋಡೂದಿಲ್ಲ. ಧೈರ್ಯ ಇಲ್ಲ."

ಬಸ್ಸಿನಲ್ಲಿ ಕೂತು ಸಾಗರ ಮುಟ್ಟುವವರೆಗೆ ನಾನು ಯೋಚನೆ ಮಾಡಿದ್ದು ಒಂದೇ. ಒಂದು ಕಾರ್ಡು ಬರೆದು ಕೇಳಿದ್ದರೆ ಸಾಕಿತ್ತು.

ಮಾರನೆಯ ದಿನ ಅನಂತಯ್ಯನವರ ಮುಂದೆ ನಿಂತೆ. ಭವಾನಿಯವರ ಕಂತನ್ನು ಅವರು ಬರೆದಂತೆಯೇ ಹಾಕಬೇಕು ಎಂದೆ.

"ಮುಗಿದ ಧಾರಾವಾಹಿಗೆ ಇನ್ನೊಂದು ಮುಕ್ತಾಯವಾ? ಜನ ನಗ್ತಾರೆ. ಆಗೂದಿಲ್ಲ."

ಅಷ್ಟರಲ್ಲಿ ಖಾದರ್ ಸಾಹೇಬರು ಒಳಗಿಂದ ಬಂದರು. ಎರಡೂ ಕೈಯಲ್ಲಿ ಗ್ಯಾಲಿ ಹಿಡಿದಿದ್ದರು, ಜೋಡಿಸಿದ ಮೊಳೆಗಳನ್ನು ಇಡುವ ತಗಡಿನ ತಟ್ಟೆ. ಸಂಪಾದಕರ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಹಸ್ತಪ್ರತಿ ನನ್ನ ಹತ್ರಾನೇ ಇತ್ತು. ಪೂರ್ತಿ ಜೋಡಿಸಿದೀನಿ. ಬೇಡ ಅಂದ್ರೆ ನೀವೇ ಬಿಡಿಸಿಬಿಡಿ ಸ್ವಾಮಿ. ನನ್ನ ಕೈಯಲ್ಲಿ ಆಗಲ್ಲ."

ಇಪ್ಪತ್ತು ವರ್ಷದಲ್ಲಿ ಸಾಹೇಬರು ಅವರಿಗೆ ಎದುರಾಡಿದ್ದು ಅದೊಂದೇ ಸಲ. ಅನಂತಯ್ಯನವರು ಕನ್ನಡಕ ತೆಗೆದರು. ಆದರೆ ಒರೆಸಲಿಲ್ಲ, ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದರು. "ಅಲ್ಲಿ ಎಂತ ನೋಡಿದೆ? ಸರಿಯಾಗಿ ಹೇಳು."

ಹೇಳಿದೆ. ಉಕ್ಕಿದ ಹಾಲಿನಿಂದ ಅಂಗಿ ಎಳೆದದ್ದರವರೆಗೆ ಎಲ್ಲ ಹೇಳಿದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ಐದನೆಯ ಪುಟದ ನಕಾಶೆ ಎಳೆದುಕೊಂಡು, ಅರ್ಧ ಪುಟದ ಜಾಹೀರಾತಿಗೆ ಅಡ್ಡಗೆರೆ ಹೊಡೆದರು. "ಇದು ಮುಂದಿನ ವಾರಕ್ಕೆ" ಎಂದರು. ಆಮೇಲೆ ಮೇಲ್ಗಡೆ ತಾವೇ ಬರೆದರು: 'ಕಳೆದ ಸಂಚಿಕೆಯೊಂದರಲ್ಲಿ ಕೊನೆಯ ಕಂತು ತಪ್ಪಾಗಿ ಅಚ್ಚಾಗಿತ್ತು. ತಪ್ಪು ನಮ್ಮದು. ಲೇಖಕಿ ಬರೆದದ್ದು ಇಲ್ಲಿದೆ.' ಕೊನೆಯಲ್ಲಿ 'ಮುಗಿಯಿತು' ಹಾಕಬೇಡಿ ಎಂದು ಸಾಹೇಬರಿಗೆ ಹೇಳಿದವರೂ ಅವರೇ.

ಅಂಚೆಯಲ್ಲಿ ಹೋಗುವುದಕ್ಕೆ ಕಾಯಲಿಲ್ಲ. ಇನ್ನೂ ಶಾಯಿಯ ವಾಸನೆಯಿದ್ದ ಒಂದು ಪ್ರತಿ ಹಿಡಿದು ಮತ್ತೆ ಹೊರಟೆ. ಅದೇ ಬಿಸಿಲು, ಅದೇ ಕಂಬ, ಅದೇ ಭಂಗಿ. ಅವರು ಇನ್ನಷ್ಟು ಇಳಿದುಹೋಗಿದ್ದರು. ಪತ್ರಿಕೆ ಚಾಚಿದೆ.

"ಕೈ ಬಿಡುವಿಲ್ಲ" ಎಂದರು. "ನೀವೇ ಓದಿ. ಇವಳೂ ಕೇಳಲಿ."

ಮಂಜಪ್ಪನವರು ಮೊಹರು ಬದಿಗಿಟ್ಟು ಬಾಗಿಲಲ್ಲಿ ಬಂದು ನಿಂತರು. ನಾನು ಓದತೊಡಗಿದೆ. ಮೊದಲ ಪ್ಯಾರಾದಲ್ಲಿ ಅಮ್ಮ ತಾನೂ ಮಗಳೂ ದಾಟಿ ಬಂದ ಕಥೆಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಾಳೆ. ಮಾತಿಗೆ ತೂಕವಿದ್ದ ಊರು ಬಂದಾಗ ಭವಾನಿಯಮ್ಮನ ತೊಡೆಯ ಮೇಲಿದ್ದ ಕೈ ಸಡಿಲವಾಯಿತು. ನೆರಳು ಬೆಳೆಯುವ ಊರಿಗೆ ಬರುವಾಗ ಅವರು ಚಾಚಿಯೇ ಇದ್ದ ಕಾಲನ್ನು ಮಡಚಿ, ಪಕ್ಕದಲ್ಲಿ ಯಾರೋ ಕೂತವರ ಹೆಗಲ ಮೇಲೆ ತೋಳು ಹಾಕಿದಂತೆ ಕೂತರು. ನಾನು ಸಾಲು ತಪ್ಪಬಾರದೆಂದು ಬೆರಳಿಟ್ಟು ಓದುತ್ತಿದ್ದೆ. ತಲೆಯೆತ್ತಿದಾಗಲೆಲ್ಲ ಅವರ ತೋಳು ಮೊದಲಿಗಿಂತ ಒಂದಿಷ್ಟು ಮೇಲಿರುತ್ತಿತ್ತು. ಅಮ್ಮನನ್ನು ಆರಿಸುವ ಊರು ದಾಟಿದ ಮೇಲೆ ಅವರು ಕಂಬ ಹಿಡಿದು ಎದ್ದರು. ಎದ್ದು, ತಮ್ಮ ಕಣ್ಣಿನ ಮಟ್ಟಕ್ಕೇ ನೋಡಿದರು. ಯಾರನ್ನು ನೋಡುತ್ತಿದ್ದರೋ ಅವರು ಈಗ ಇವರಷ್ಟೇ ಎತ್ತರವಿದ್ದರು.

ಸಂಕದ ಬಳಿಯ ಮಾತುಗಳನ್ನು ಓದಿದೆ. ಭವಾನಿಯಮ್ಮ ಕೈ ಚಾಚಿ, ಖಾಲಿ ಜಾಗದಲ್ಲಿ ಸೆರಗೊಂದನ್ನು ಎಳೆದು ಸರಿ ಮಾಡಿದರು. ಆಮೇಲೆ ನಡೆದರು. ಬಾಗಿಲಲ್ಲಿದ್ದ ಮಂಜಪ್ಪನವರು ಇಬ್ಬರಿಗೆ ಸಾಲುವಷ್ಟು ದಾರಿ ಬಿಟ್ಟು ಸರಿದರು.

ನಾನು ಪತ್ರಿಕೆ ಹಿಡಿದುಕೊಂಡೇ ಹಿಂದೆ ಹೋದೆ. ಅವರು ದಣಪೆಯ ಬಳಿ ನಿಂತರು. ದಾರಿ ಎರಡಾಗುವ ಜಾಗ. ಅವರ ಕೈ ದಣಪೆಯ ಗಳುವನ್ನು ಗಟ್ಟಿಯಾಗಿ ಹಿಡಿದಿತ್ತು. ಕಣ್ಣು ಒಮ್ಮೆ ಇಳಿಜಾರಿನ ಕಡೆ, ಆ ಕಪ್ಪು ಮರದ ಬುಡಗಳ ಕಡೆ ಹೋಯಿತು. ಉಸಿರು ಬಿಗಿಹಿಡಿದಿದ್ದರು. ನಾನೂ ಹಿಡಿದಿದ್ದೆ. ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಆಮೇಲೆ ಅವರ ಮುಖ ನಿಧಾನವಾಗಿ ಇನ್ನೊಂದು ಕಡೆಗೆ ತಿರುಗಿತು, ಬಸ್ಸಿನ ರಸ್ತೆಯ ಕಡೆಗೆ. ಗಳುವಿನ ಮೇಲಿನ ಬೆರಳುಗಳು ಸಡಿಲವಾದವು.

"ರಸ್ತೆಗೇ ತಿರುಗಿದ್ಳು" ಎಂದರು.

ಮಂಜಪ್ಪನವರು ನಮ್ಮ ಹಿಂದೆ ಬಂದು ನಿಂತಿದ್ದರು. ಮಗಳು ಹೋದ ಮೇಲೆ ಇಷ್ಟು ವರ್ಷ ಅವರು ಆ ಹೆಸರನ್ನು ಕರೆದಿರಲಿಲ್ಲ, ಹೆಂಡತಿ ಬರೆದದ್ದನ್ನು ಕಳಿಸುತ್ತಿದ್ದರೇ ಹೊರತು ಒಂದು ಕಂತೂ ಓದಿರಲಿಲ್ಲ. ಶಾಯಿ ಹತ್ತಿದ ಕೈಯನ್ನು ಅರ್ಧಕ್ಕೆ ಎತ್ತಿದರು. ಖಾಲಿ ರಸ್ತೆಯ ಕಡೆ ನೋಡಿ ಕೂಗಿದರು:

"ಗಿರಿಜಾ, ಬಿಸಿಲು ಜೋರಿದೆ ಮಗಾ. ತಲೆ ಮೇಲೆ ಸೆರಗು ಹಾಕ್ಕ."

ಭವಾನಿಯಮ್ಮ ಇನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದರು. ಆಮೇಲೆ ಗಂಡನ ಕಡೆ ತಿರುಗಿ, "ಹಾಕ್ಕಂಡ್ಳು" ಎಂದರು. ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತರು.